ನಮ್ಮ ಐದನೇ ಮಹಡಿಯೂ ಅಕ್ರಮವೇ: ನಿವಾಸಿಗಳ ಸಂಘಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಎಲ್ಲ ಸದಸ್ಯರು,
ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ, ಬೆಂಗಳೂರು.

ವಿಷಯ: ಲಿಫ್ಟಿನ ಪಕ್ಕ ಅಂಟಿಸಿರುವ ನೋಟಿಸ್ ಮತ್ತು ಏಳು ಹೆಣ್ಣುಮಕ್ಕಳ ಬಾಕಿ ಸಂಬಳದ ಬಗ್ಗೆ.

ಮಾನ್ಯರೇ,

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಸಂಘದ ಸದಸ್ಯನಲ್ಲ. ಫ್ಲ್ಯಾಟ್ ಇರುವುದು ಮಗನ ಹೆಸರಿನಲ್ಲಿ. ಸಿಂಧನೂರು ತಾಲ್ಲೂಕಿನಲ್ಲಿ ಮೊದಲು ಪ್ರೈಮರಿ ಶಾಲೆ, ಆಮೇಲೆ ಹೈಸ್ಕೂಲು ಅಂತ ಮೂವತ್ತು ವರ್ಷಕ್ಕೂ ಜಾಸ್ತಿ ಪಾಠ ಮಾಡಿ, ನಿವೃತ್ತನಾಗಿ, ಮೊಮ್ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವ ಕೆಲಸಕ್ಕೆ ಇಲ್ಲಿಗೆ ಬಂದವನು. ಗೇಟಿನ ಆ್ಯಪ್‌ನಲ್ಲಿ ನನ್ನನ್ನು ಈಗಲೂ ‘ಗೆಸ್ಟ್’ ಅಂತಲೇ ತೋರಿಸುತ್ತಿದೆ. ನಾಲ್ಕು ವರ್ಷದಿಂದ ಗೆಸ್ಟ್. ಈ ಪತ್ರ ಬರೆಯುವ ಹಕ್ಕು ನನಗಿದೆಯೋ ಇಲ್ಲವೋ ಅಂತ ನೀವು ಬೈಲಾ ತೆಗೆದು ನೋಡಬಹುದು. ಅದಕ್ಕೂ ಮೊದಲು ಇದನ್ನು ಒಮ್ಮೆ ಓದಿ.

ನಾನು ಕಣ್ಣಾರೆ ಕಂಡದ್ದು ಇಷ್ಟು. ಕಳೆದ ತಿಂಗಳ 20ನೇ ತಾರೀಕು ಬೆಳಗ್ಗೆ ಆರೂವರೆಗೆ ಹಾಲು ತರಲು ಕೆಳಗೆ ಬಂದೆ. ಲಿಫ್ಟಿನ ಪಕ್ಕ ಹೊಸ ನೋಟಿಸ್ ಇತ್ತು. ‘ಅಕ್ರಮ ಬಾಂಗ್ಲಾದೇಶಿಗಳಿಗೆ ಪ್ರವೇಶವಿಲ್ಲ. ಪೌರತ್ವದ ದಾಖಲೆ ತೋರಿಸದ ಕೆಲಸದವರನ್ನು ಒಳಗೆ ಬಿಡುವುದಿಲ್ಲ’ ಅಂತ ಬರೆದಿತ್ತು. ಗೇಟಿನ ಹತ್ತಿರ ಏಳು ಜನ ಹೆಣ್ಣುಮಕ್ಕಳು ನಿಂತಿದ್ದರು. ಎಲ್ಲರೂ ನಮ್ಮ ಬ್ಲಾಕುಗಳಲ್ಲೇ ಪಾತ್ರೆ ತಿಕ್ಕುವವರು, ನೆಲ ಒರೆಸುವವರು. ಆಧಾರ್ ಕಾರ್ಡ್ ತೋರಿಸಿದರು. ನಡೆಯುವುದಿಲ್ಲ ಅಂದರು. ವೋಟರ್ ಕಾರ್ಡ್ ತೋರಿಸಿದರು. ಅದೂ ನಡೆಯುವುದಿಲ್ಲ ಅಂದರು. ಸಮಿತಿಯ ಒಬ್ಬರು ಅವರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಕಾರ್ಡುಗಳದ್ದೂ ತೆಗೆದರು. ನಾನು ಹಾಲು ಕಾಯಿಸುವಷ್ಟರಲ್ಲಿ ಆ ಫೋಟೋಗಳು ವಾಟ್ಸಾಪ್ ಗ್ರೂಪಿಗೆ ಬಂದಿದ್ದವು. ಕೆಳಗೆ ಹೆಬ್ಬೆರಳುಗಳ ಸಾಲು.

ಆ ಏಳು ಜನರಲ್ಲಿ ಒಬ್ಬಾಕೆ ನಮ್ಮ ಮನೆಗೆ ಬರುವಾಕೆ. ಮೊಮ್ಮಗಳಿಗೆ ಆಕೆ ದೀದಿ. ಅಸ್ಸಾಂನ ಬಾರಪೇಟಾ ಜಿಲ್ಲೆಯ ಕಡೆಯವಳು. ಊರು ಎಲ್ಲಿ ಅಂತ ನಾನು ಒಮ್ಮೆ ಕೇಳಿದಾಗ ಅವಳು ನಕ್ಕು, ಊರು ಈಗ ಇಲ್ಲ, ನದಿ ತಿಂದುಬಿಟ್ಟಿತು ಅಂದಿದ್ದಳು. ನಾನು ಮಾತಿಗೆ ಹೇಳಿದಳೇನೋ ಅಂದುಕೊಂಡಿದ್ದೆ. ಅಲ್ಲ, ಅದು ನಿಜ. ಬ್ರಹ್ಮಪುತ್ರದ ನಡುವೆ ಮರಳು ಸೇರಿ ಆಗುವ ದಿಬ್ಬಗಳಿವೆ. ಅಲ್ಲಿ ಅವನ್ನು ಚರ್ ಅಂತಾರೆ. ಅಲ್ಲಿ ಊರು ಕಟ್ಟಿ ಭತ್ತ, ಸೆಣಬು ಬೆಳೆದುಕೊಂಡಿರುತ್ತಾರೆ. ನದಿ ದಾರಿ ಬದಲಿಸಿದ ವರ್ಷ ಊರು ನೀರಿಗೆ ಹೋಗುತ್ತದೆ. ಆಧಾರ್ ಕಾರ್ಡಿನಲ್ಲಿ ವಿಳಾಸ ಇರುತ್ತದೆ, ವಿಳಾಸದಲ್ಲಿ ಊರು ಇರುವುದಿಲ್ಲ.

ಮುಂದಿನ ಎರಡು ರಾತ್ರಿಯಲ್ಲಿ ನಮ್ಮ ಹಿಂದಿನ ಖಾಲಿ ಸೈಟಿನಲ್ಲಿ ದೀದಿಯೂ ಇದ್ದ ನೀಲಿ ಟಾರ್ಪಾಲಿನ ಶೆಡ್ಡುಗಳು ಖಾಲಿಯಾದವು. ಪೊಲೀಸರು ಬಂದು ವಿಚಾರಿಸಿ ಹೋದರು, ಯಾರನ್ನೂ ಹಿಡಿಯಲಿಲ್ಲ. ಆದರೆ ಸೈಟಿನವರು ಹೆದರಿ ಜಾಗ ಬಿಡಿ ಅಂದರು. ಹೊಸಕೋಟೆ ಕಡೆ ಹೋದರಂತೆ. ನಮ್ಮ ಒಣ ಕಸ ಬಿಡಿಸುತ್ತಿದ್ದವರೂ ಅವರೇ. ಎಂಟು ದಿನ ಬೇಸ್‌ಮೆಂಟಿನಲ್ಲಿ ಕಸ ನಾರಿತು. ಒಂಬತ್ತನೇ ದಿನ ಅದೇ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು: ‘ಒಳ್ಳೆ ಮೇಡ್ ಇದ್ದರೆ ತಿಳಿಸಿ, ಅರ್ಜೆಂಟ್’. ಅದಕ್ಕೂ ಹೆಬ್ಬೆರಳು.

ಆ ಏಳು ಜನಕ್ಕೆ ಹತ್ತೊಂಬತ್ತು ದಿನದ ಸಂಬಳ ಬರಬೇಕಿತ್ತು. ಹದಿನೇಳು ಮನೆಯವರು ಕೊಟ್ಟಿರಲಿಲ್ಲ. ನಾನು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡ ಲೆಕ್ಕದ ಪ್ರಕಾರ ಒಟ್ಟು 32,300 ರೂಪಾಯಿ. ಕೇಳಲು ಹೋದಾಗ ಒಬ್ಬರು ಬಾಗಿಲಲ್ಲೇ ಹೇಳಿದರು, “ಅಂಕಲ್, ಅವರು ಇಲ್ಲೀಗಲ್ ಅಲ್ವಾ? ಇಲ್ಲೀಗಲ್‌ನವರಿಗೆ ಸಂಬಳ ಕೊಟ್ಟರೆ ನಮಗೇ ಪ್ರಾಬ್ಲಂ.” ಈ ಪತ್ರ ಹುಟ್ಟಿದ್ದು ಆ ಬಾಗಿಲಲ್ಲಿ. ಒಂದೇ ಒಂದು ಪದ ಒಬ್ಬ ಮನುಷ್ಯಳ ಹತ್ತೊಂಬತ್ತು ದಿನದ ದುಡಿಮೆಯನ್ನು ನುಂಗಿ ಹಾಕುತ್ತದೆ ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ಪದದ ಬಗ್ಗೆಯೇ ಸ್ವಲ್ಪ ಮಾತಾಡೋಣ. ಮಾಸ್ತರನಾಗಿದ್ದವನು, ಪದ ಸಿಕ್ಕರೆ ಬಿಡುವುದಿಲ್ಲ.

ನಮ್ಮ ಕನ್ನಡದಲ್ಲಿ ‘ಅಕ್ರಮ’ ಅನ್ನುವುದಕ್ಕೆ ಒಂದು ಜೋಡಿ ಇದೆ. ‘ಅಕ್ರಮ-ಸಕ್ರಮ’ ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಬೇರೆ ಭಾಷೆಯಲ್ಲಿ ಇಂಥ ಜೋಡಿ ಇದೆಯೋ ನಾ ಕಾಣೆ. ಪ್ಲ್ಯಾನ್ ಮೀರಿ ಕಟ್ಟಿದ ಮನೆ ಅಕ್ರಮ, ದಂಡ ಕಟ್ಟಿಸಿಕೊಂಡರೆ ಸಕ್ರಮ. ಬೆಂಗಳೂರಿನಲ್ಲಿ ಇದಕ್ಕಾಗಿ ಸರ್ಕಾರವೇ ಯೋಜನೆ ಮಾಡಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ ತಡೆಯಿಂದ ಯಾರಿಗೆ ನಿದ್ದೆ ಬರುತ್ತಿಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಐದನೇ ಮಹಡಿ ಮಂಜೂರಾದ ಪ್ಲ್ಯಾನ್‌ನಲ್ಲೇ ಇಲ್ಲ. ಓಸಿ, ಅಂದರೆ ವಾಸಕ್ಕೆ ಯೋಗ್ಯ ಅನ್ನುವ ಸರ್ಟಿಫಿಕೇಟ್, ಇವತ್ತಿಗೂ ಸಿಕ್ಕಿಲ್ಲ. ಹೋದ ವರ್ಷದ ವಾರ್ಷಿಕ ಸಭೆಯ ಮುಕ್ಕಾಲು ಭಾಗ ಅದರ ಚರ್ಚೆಗೇ ಹೋಯಿತು. ನಾನು ಹಿಂದಿನ ಕುರ್ಚಿಯಲ್ಲಿ ಗೆಸ್ಟಾಗಿ ಕೂತಿದ್ದೆ. ಆವತ್ತು ಐದನೇ ಮಹಡಿಯವರನ್ನು ಯಾರಾದರೂ ‘ಅಕ್ರಮ ನಿವಾಸಿಗಳು’ ಅಂದರಾ? ಇಲ್ಲ. ಪಾಪ, ಬಿಲ್ಡರ್ ಮೋಸ ಮಾಡಿದ, ಅವರದೇನು ತಪ್ಪು ಅಂದರು. ನಾನೂ ಹಾಗೇ ಅಂದುಕೊಂಡೆ. ಅಂದಹಾಗೆ, ಮಗನ ಫ್ಲ್ಯಾಟ್ ಇರುವುದೂ ಐದನೇ ಮಹಡಿಯಲ್ಲೇ.

ನಮ್ಮೂರಿನದ್ದು ಇನ್ನೂ ಹಳೆಯ ಕತೆ. ನಮ್ಮಪ್ಪ ಮೂರು ಎಕರೆ ಸರ್ಕಾರಿ ಜಮೀನು ಉಳುತ್ತಿದ್ದ. ಯಾರೂ ಕೊಟ್ಟಿರಲಿಲ್ಲ, ಕಲ್ಲು ಆರಿಸಿ ತಾನೇ ಹಸನು ಮಾಡಿಕೊಂಡಿದ್ದ. ಕಾನೂನು ಪ್ರಕಾರ ಅದು ಒತ್ತುವರಿ. ಆದರೆ ಅವನಿಗೆ ಸರ್ಕಾರ ಕೊಟ್ಟ ಹೆಸರು ಏನು? ಬಗರ್ ಹುಕುಂ ಸಾಗುವಳಿದಾರ. ಬಗರ್ ಹುಕುಂ ಅಂದರೆ ಹುಕುಂ ಇಲ್ಲದೆ ಅಂತ ಅಷ್ಟೇ. ಹುಕುಂ ಇಲ್ಲ, ಆದರೆ ಸಾಗುವಳಿದಾರ ಹೌದು. ಎಂಥ ಮರ್ಯಾದೆಯ ಮಾತು ನೋಡಿ! ಮಾಡಿದ ಕೆಲಸವನ್ನು ಒಪ್ಪಿಕೊಂಡು, ಕಾಗದ ಇಲ್ಲ ಅನ್ನುವುದನ್ನು ಬೇರೆಯಾಗಿ ಹೇಳುತ್ತದೆ. 1991ರಲ್ಲಿ ಸಕ್ರಮಕ್ಕೆ ಅರ್ಜಿ ಹಾಕುವ ಫಾರಂ 50 ಬಂತು, ಆಮೇಲೆ 53, 2018ರಲ್ಲಿ 57. ಅಪ್ಪನಿಗೆ ಸಾಗುವಳಿ ಚೀಟಿ ಸಿಕ್ಕಿತು. ಆ ಜಮೀನಿನಿಂದಲೇ ನಾನು ಓದಿದೆ, ಮಾಸ್ತರನಾದೆ, ಮಗ ಎಂಜಿನಿಯರ್ ಆದ, ನಿಮ್ಮ ನೆರೆಯವನಾದ.

ನಮ್ಮವರು ಪರದೇಶದಲ್ಲಿ ಸಿಕ್ಕಿಬಿದ್ದಾಗಲೂ ನಮ್ಮ ನಾಲಿಗೆಗೆ ಮೆತ್ತನೆಯ ಪದ ಸಿಗುತ್ತದೆ. ಅಮೆರಿಕದಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇದ್ದವರಿಗೆ ಕೆಲಸ ಹೋದರೆ ಅರವತ್ತು ದಿನ ಅವಕಾಶ. ಅಷ್ಟರಲ್ಲಿ ಬೇರೆ ದಾರಿ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಯಾರದೋ ಮಗ ಹಾಗೆ ಉಳಿದುಕೊಂಡರೆ ನಾವು ಏನಂತೀವಿ? “ಪಾಪ, ಔಟ್ ಆಫ್ ಸ್ಟೇಟಸ್ ಆಗಿಬಿಟ್ಟ.” ಗಲ್ಫ್‌ನಲ್ಲಿ ಮಾಲೀಕನ ಕಾಟ ತಡೆಯಲಾರದೆ ಓಡಿಹೋಗಿ, ವೀಸಾ ಮುಗಿದರೂ ಕದ್ದು ಕೆಲಸ ಮಾಡುವವರನ್ನು ಮಂಗಳೂರು ಕಡೆಯವರು ‘ಖಲ್ಲಿವಲ್ಲಿ’ ಅಂತಾರೆ. ಅದರಲ್ಲಿ ಬೈಗುಳ ಇಲ್ಲ, ಒಂಥರಾ ಮರುಕದ ನಗು ಇದೆ. ಕುವೈತ್, ಯುಎಇ ಕ್ಷಮಾದಾನ ಕೊಟ್ಟಾಗಲೆಲ್ಲ ಅಂಥವರು ಸಾಲುಗಟ್ಟಿ ಊರಿಗೆ ಬಂದರು. ಯಾರೂ ಅವರನ್ನು ಅಪರಾಧಿ ಅನ್ನಲಿಲ್ಲ. 2025ರ ಫೆಬ್ರವರಿಯಲ್ಲಿ ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಕೈಕಾಲಿಗೆ ಬೇಡಿ ಹಾಕಿ ಅಮೃತಸರಕ್ಕೆ ತಂದು ಇಳಿಸಿತು. ಆ ದಿನ ನಮ್ಮ ಗ್ರೂಪಿನಲ್ಲಿ ಎಷ್ಟು ಸಿಟ್ಟು! “ಅವರೇನು ಕಳ್ಳರಾ?” ಅಂತ ಬರೆದವರ ಹೆಸರು ನಾನು ಇಲ್ಲಿ ಹೇಳುವುದಿಲ್ಲ. ಏಳು ಹೆಣ್ಣುಮಕ್ಕಳ ಫೋಟೋ ಹಾಕಿದವರೂ ಅವರೇ.

ನೀವು ಹೇಳಬಹುದು, ಮಾಸ್ತರೇ, ಇದು ಪದದ ಆಟವಲ್ಲ, ಕಾನೂನಿನಲ್ಲೇ ಆ ಪದ ಇದೆ ಅಂತ. ಹೌದು, ಇದೆ. 1955ರ ಪೌರತ್ವ ಕಾಯ್ದೆಗೆ 2003ರ ತಿದ್ದುಪಡಿಯಲ್ಲಿ ‘ಅಕ್ರಮ ವಲಸಿಗ’ ಅನ್ನುವುದಕ್ಕೆ ವ್ಯಾಖ್ಯೆ ಸೇರಿತು. ಪಾಸ್‌ಪೋರ್ಟ್ ಇಲ್ಲದೆ ಬಂದವರು, ಇಲ್ಲವೇ ಬಂದು ಅವಧಿ ಮೀರಿ ಉಳಿದವರು. ಹಾಗಾದರೆ ಆ ಕಾನೂನು ಯಾರ ಮೇಲೆ, ಯಾವ ತಾರೀಕಿನ ಮೇಲೆ ನಿಂತಿದೆ ಅಂತಲೂ ನೋಡೋಣ.

ಅಸ್ಸಾಂಗೆ ಬೇರೆಯದೇ ಲೆಕ್ಕ ಇದೆ. 1985ರ ಅಸ್ಸಾಂ ಒಪ್ಪಂದದ ಪ್ರಕಾರ 1971ರ ಮಾರ್ಚ್ 24ರವರೆಗೆ ಬಂದವರಿಗೆ ಒಂದು ದಾರಿ ಇದೆ. ಮಾರ್ಚ್ 25ರಿಂದ ಆಚೆಗೆ ಬಂದವರು ವಿದೇಶಿಗಳು, ಹೊರಗೆ ಕಳಿಸಬೇಕಾದವರು. ಮಾರ್ಚ್ 25ರ ರಾತ್ರಿ ಏನಾಯಿತು ಗೊತ್ತಾ? ಪಾಕಿಸ್ತಾನದ ಸೇನೆ ಢಾಕಾದಲ್ಲಿ ಜನರನ್ನು ಕೊಲ್ಲಲು ಶುರು ಮಾಡಿದ್ದು ಆ ರಾತ್ರಿ. ಅಂದರೆ ಜೀವ ಉಳಿಸಿಕೊಳ್ಳಲು ಓಡಿಬಂದವರೆಲ್ಲ ಗೆರೆಯ ಆಚೆ. ಪೌರತ್ವ ಕಾಯ್ದೆಯ 2019ರ ತಿದ್ದುಪಡಿ ಇನ್ನೊಂದು ಗೆರೆ ಹಾಕಿತು. 2014ರ ಕೊನೆಯೊಳಗೆ ಒಂದೇ ದಿನ, ಒಂದೇ ದೋಣಿಯಲ್ಲಿ ಕಾಗದ ಇಲ್ಲದೆ ನದಿ ದಾಟಿದ ಇಬ್ಬರಿದ್ದರೆ, ಹಿಂದೂವನ್ನು ಅಕ್ರಮ ವಲಸಿಗ ಅನ್ನುವಂತಿಲ್ಲ, ಮುಸ್ಲಿಮನನ್ನು ಅನ್ನಬಹುದು. ದೋಣಿ ಅದೇ, ನೀರು ಅದೇ. ಆ ಕಾನೂನು ಸರಿಯೋ ತಪ್ಪೋ ಅಂತ ನಿಮ್ಮಲ್ಲೇ ಎರಡು ಗುಂಪಿದೆ, ನನಗೆ ಗೊತ್ತು. ನಾನು ಕೇಳುವುದು ಇಷ್ಟೇ. ದೆಹಲಿಯಲ್ಲಿ ಒಂದು ಸಾಲು ತಿದ್ದಿದರೆ ಕಳಚಿ ಬೀಳುವ ಹಣೆಪಟ್ಟಿ ಆ ಮನುಷ್ಯನ ಸ್ವಭಾವ ಹೇಗಾದೀತು?

ಗೆರೆಯ ಕತೆಯೂ ಹೀಗೇ. ಬಂಗಾಳವನ್ನೂ ಪಂಜಾಬನ್ನೂ ಸೀಳಿದ ಗೆರೆ ಎಳೆದ ರ‍್ಯಾಡ್‌ಕ್ಲಿಫ್ ಅದಕ್ಕೆ ಮೊದಲು ಭಾರತವನ್ನು ನೋಡಿದವನೇ ಅಲ್ಲ. ಅವನಿಗೆ ಸಿಕ್ಕಿದ್ದು ಸುಮಾರು ಐದು ವಾರ. ಗೆರೆ ಎಲ್ಲಿದೆ ಅಂತ ಜನಕ್ಕೆ ತಿಳಿದದ್ದು 1947ರ ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದು ಎರಡು ದಿನದ ಮೇಲೆ. ಇದನ್ನು ನಾನು ಹತ್ತನೇ ಕ್ಲಾಸಿಗೆ ಪ್ರತಿ ವರ್ಷ ಹೇಳುತ್ತಿದ್ದೆ, ಮಕ್ಕಳು ನಗುತ್ತಿದ್ದರು. ಅದಕ್ಕಿಂತ ವಿಚಿತ್ರ ಅಂದರೆ ಕೂಚ್‌ಬಿಹಾರದ ಸುತ್ತಲಿನ ಛಿಟ್‌ಮಹಲ್‌ಗಳು. ಬಾಂಗ್ಲಾದೇಶದ ಹೊಟ್ಟೆಯೊಳಗೆ ಭಾರತದ 111 ತುಂಡು ನೆಲ, ಭಾರತದೊಳಗೆ ಬಾಂಗ್ಲಾದೇಶದ 51. ಅಲ್ಲಿ ಹುಟ್ಟಿದವರು ಆಸ್ಪತ್ರೆಗೆ, ಸಂತೆಗೆ, ಶಾಲೆಗೆ ಹೋಗಬೇಕಾದರೂ ಪರದೇಶಕ್ಕೆ ಕಾಲಿಡಬೇಕು. ಅಂದರೆ ಉಪ್ಪು ತರಲು ಹೋದರೂ ಅಕ್ರಮ. 2015ರ ಜುಲೈ 31ರ ಮಧ್ಯರಾತ್ರಿ ಎರಡೂ ದೇಶ ಆ ತುಂಡುಗಳನ್ನು ಅದಲು ಬದಲು ಮಾಡಿಕೊಂಡವು. ಸುಮಾರು 14 ಸಾವಿರ ಜನ ಇದ್ದಲ್ಲೇ ಇದ್ದು, ಒಂದು ಹೆಜ್ಜೆಯನ್ನೂ ಇಡದೆ, ಬೆಳಗಾಗುವಷ್ಟರಲ್ಲಿ ಭಾರತದವರಾದರು. ಹಿಂದಿನ ದಿನ ಅವರಲ್ಲಿದ್ದ ಅಕ್ರಮ ರಾತ್ರಿ ಎಲ್ಲಿಗೆ ಹೋಯಿತು?

ಆ ದಿನ ಗೇಟಿನಲ್ಲಿ ಡ್ಯೂಟಿಯಲ್ಲಿದ್ದ ಸೆಕ್ಯೂರಿಟಿ ಹುಡುಗ ಅಸ್ಸಾಂನ ಕರೀಂಗಂಜ್ ಕಡೆಯವನು. 2024ರಲ್ಲಿ ಆ ಜಿಲ್ಲೆಗೆ ಶ್ರೀಭೂಮಿ ಅಂತ ಹೆಸರಾಗಿದೆ. 1947ರ ಜುಲೈನಲ್ಲಿ ಸಿಲೆಟ್ ಜಿಲ್ಲೆಯಲ್ಲಿ ಜನಮತ ಕೇಳಿ, ಅದು ಪೂರ್ವ ಪಾಕಿಸ್ತಾನಕ್ಕೆ ಹೋಯಿತು. ಕರೀಂಗಂಜ್ ಭಾಗ ಮಾತ್ರ ಈಚೆ ಉಳಿಯಿತು. ನಡುವೆ ಕುಶಿಯಾರಾ ಹೊಳೆ. ಎರಡೂ ದಡದಲ್ಲಿ ಆಡುವುದು ಸಿಲೆಟಿ ಮಾತು. ಆ ಹುಡುಗ ಸಂಜೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, “ಸರ್, ಭಾಷೆ ಕೇಳಿ ಕಂಡುಹಿಡಿಯೋದಾದ್ರೆ ನನ್ನ ಭಾಷೆನೂ ಆ ಕಡೆದೇ. ನಾನು ಫೋನಲ್ಲಿ ಅಮ್ಮನ ಜೊತೆ ಜೋರಾಗಿ ಮಾತಾಡಬಾರ್ದಾ?” ನನಗೆ ಉತ್ತರ ಹೊಳೆಯಲಿಲ್ಲ. ನಿಮಗೆ ಹೊಳೆದರೆ ಅವನಿಗೆ ಹೇಳಿ. ಈಗ ಅವನು ಫೋನ್ ಬಂದರೆ ಜನರೇಟರ್ ರೂಮಿನ ಹಿಂದೆ ಹೋಗುತ್ತಾನೆ.

ಇನ್ನು ದಾಖಲೆಯ ವಿಚಾರ. ‘ಪೌರತ್ವದ ದಾಖಲೆ’ ಅಂತ ನೋಟಿಸಿನಲ್ಲಿ ಬರೆದಿದ್ದೀರಿ. ಅದು ಯಾವುದು ಅಂತ ಬರೆದವರಿಗೆ ಗೊತ್ತಿದೆಯಾ? ಆಧಾರ್ ಪೌರತ್ವಕ್ಕೆ ಪುರಾವೆಯಲ್ಲ ಅಂತ ಆಧಾರ್ ಕಾಯ್ದೆಯೇ ಹೇಳುತ್ತದೆ, ಸರಿ. ಹಾಗಾದರೆ ನನ್ನ ಹತ್ತಿರ ಏನಿದೆ? ನನ್ನ ಜನನ ಪ್ರಮಾಣಪತ್ರ ಇಲ್ಲ. ಶಾಲೆಯ ಟಿಸಿ ಇದೆ. ಅದರಲ್ಲಿ ಹುಟ್ಟಿದ ದಿನ ಜೂನ್ 1. ನಮ್ಮ ಕಾಲದ ಅರ್ಧ ಕರ್ನಾಟಕ ಹುಟ್ಟಿದ್ದು ಜೂನ್ 1ಕ್ಕೇ. ಯಾಕೆ ಅಂತ ನನ್ನನ್ನು ಕೇಳಿ, ಮಾಸ್ತರನಾಗಿ ನಾನೇ ನೂರಾರು ಮಕ್ಕಳಿಗೆ ಆ ತಾರೀಕು ಬರೆದಿದ್ದೇನೆ. ತಾಯಂದಿರು ಬಂದು “ಹಿಂದಿನ ಬರಗಾಲದಾಗ ಹುಟ್ಟೈತ್ರೀ ಮಾಸ್ತರ” ಅನ್ನುತ್ತಿದ್ದರು. ಬರಗಾಲವನ್ನು ರಿಜಿಸ್ಟರಿನ ಕಾಲಂನಲ್ಲಿ ಬರೆಯಲು ಬರುವುದಿಲ್ಲ, ಹಾಗಾಗಿ ಜೂನ್ 1. ನಾನು ಸುಮ್ನೆ ಬರೆದ ಆ ತಾರೀಕಿನ ಮೇಲೆ ಇವತ್ತು ಅವರ ಪಿಂಚಣಿ, ಪಾಸ್‌ಪೋರ್ಟ್ ಎಲ್ಲ ನಿಂತಿದೆ. ನನಗೆ ಕಾಗದದ ಮೇಲೆ ಭಕ್ತಿ ಕಡಿಮೆ ಅಂದರೆ ಇದೇ ಕಾರಣ.

ಅಸ್ಸಾಂನಲ್ಲಿ ಇದನ್ನೇ ಇಡೀ ರಾಜ್ಯಕ್ಕೆ ಮಾಡಿದರು. 2019ರ ಆಗಸ್ಟ್ 31ರಂದು ಎನ್‌ಆರ್‌ಸಿಯ, ಅಂದರೆ ನಾಗರಿಕರ ರಿಜಿಸ್ಟರಿನ, ಕೊನೆಯ ಪಟ್ಟಿ ಬಂತು. 19,06,657 ಜನ ಹೊರಗೆ. ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಗಂಡ ಒಳಗೆ, ಹೆಂಡತಿ ಹೊರಗೆ ಆದ ಮನೆಗಳಿದ್ದವು. ಬಡ ಮುಸ್ಲಿಂ ಹೆಣ್ಣುಮಕ್ಕಳ ಗೋಳು ಕೇಳುವುದೇ ಬೇಡ. ಮದುವೆಗೆ ಮುಂಚೆ ಹೆಸರಿನ ಮುಂದೆ ಖಾತೂನ್, ಮದುವೆಯಾದ ಮೇಲೆ ಬೇಗಂ, ಗಂಡ ಸತ್ತರೆ ಬೇವಾ. ಮೂರು ಕಾಗದದಲ್ಲಿ ಮೂರು ಹೆಸರು. ಒಬ್ಬಳೇ ಹೆಂಗಸು ಅಂತ ಸಾಬೀತು ಮಾಡುವಷ್ಟರಲ್ಲಿ ಎಮ್ಮೆ, ಹೊಲ ಮಾರಿರುತ್ತಾರೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ಬಿಡಿಸಿ ಬರೆಯಲು, ಇಲ್ಲದ ಸರ್‌ನೇಮ್ ಹುಟ್ಟಿಸಲು ಒದ್ದಾಡಿದ ಕನ್ನಡದವರಿಗೆ ಇದು ಅರ್ಥವಾಗಬೇಕು. ನಮ್ಮ ದೀದಿಯ ಪ್ಲಾಸ್ಟಿಕ್ ಕವರಿನಲ್ಲಿ ಎನ್‌ಆರ್‌ಸಿಯಲ್ಲಿ ಹೆಸರಿರುವ ಪ್ರಿಂಟೂ ಇತ್ತು. ಗೇಟಿನಲ್ಲಿ ಅದನ್ನು ಬಿಡಿಸಿ ನೋಡಿದವರಿಲ್ಲ.

ಕಳ್ಳತನದ ಕೇಸಿನಲ್ಲಿ ಪೊಲೀಸರು ನನ್ನ ಮೇಲಿನ ಆರೋಪವನ್ನು ಸಾಬೀತು ಮಾಡಬೇಕು. ವಿದೇಶಿ ಅನ್ನುವ ಆರೋಪದಲ್ಲಿ ಹಾಗಲ್ಲ. ನಾನು ವಿದೇಶಿಯಲ್ಲ ಅಂತ ನಾನೇ ಸಾಬೀತು ಮಾಡಬೇಕು. ಬ್ರಿಟಿಷರ ಕಾಲದ 1946ರ ಕಾಯ್ದೆ ಹೀಗೆ ಹೇಳುತ್ತಿತ್ತು, ಅದರ ಜಾಗಕ್ಕೆ 2025ರಲ್ಲಿ ಬಂದ ಹೊಸ ಕಾಯ್ದೆಯೂ ಇದನ್ನೇ ಹೇಳುತ್ತದೆ. ಇಷ್ಟು ಭಾರವಾದ ಕಲ್ಲನ್ನು ಪಾತ್ರೆ ತಿಕ್ಕುವವಳ ತಲೆಮೇಲೆ ಇಡುವಾಗ ಇಡುವವರ ಕೈಯಾದರೂ ನಡುಗಬೇಕು. 2025ರ ಜೂನ್‌ನಲ್ಲಿ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬಳನ್ನು ದೆಹಲಿಯಲ್ಲಿ ಹಿಡಿದು, ಬಾಂಗ್ಲಾದೇಶಿ ಅಂತ ಗಡಿಯಾಚೆ ದಬ್ಬಿದರು. ಆ ಕಡೆಯವರು ಭಾರತದವಳು ಅಂತ ಜೈಲಿಗೆ ಹಾಕಿದರು. ಎರಡು ದೇಶಕ್ಕೂ ಅವಳು ಅಕ್ರಮ! ಕಲ್ಕತ್ತ ಹೈಕೋರ್ಟ್ ಆ ಕ್ರಮವನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟಿನವರೆಗೆ ಹೋಗಿ ಡಿಸೆಂಬರ್‌ನಲ್ಲಿ ಅವಳು ವಾಪಸ್ ಬಂದಳು. ಆಗ ಅವಳಿಗೆ ತಿಂಗಳು ತುಂಬಿತ್ತು.

ನಮ್ಮ ಬೆಂಗಳೂರಿನಲ್ಲೇ ಆದದ್ದನ್ನು ಮರೆತಿರಾ? 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳನ್ನು ಜೆಸಿಬಿ ತಂದು ಕೆಡವಿದರು. ಅದಕ್ಕೆ ಮೊದಲು ಅಲ್ಲಿರುವವರು ಬಾಂಗ್ಲಾದೇಶಿಗಳು ಅಂತ ಒಂದು ವಿಡಿಯೋ ಓಡಾಡಿತ್ತು. ಕೆಡವಿದ ಮೇಲೆ ನೋಡಿದರೆ ಅಸ್ಸಾಂನವರು, ತ್ರಿಪುರಾದವರು, ಜೊತೆಗೆ ನಮ್ಮ ಉತ್ತರ ಕರ್ನಾಟಕದವರು. ಕಲ್ಯಾಣ ಕರ್ನಾಟಕದಿಂದ ಗುಳೆ ಬಂದ ಕುಟುಂಬ ಕನ್ನಡ ನಾಡಿನ ರಾಜಧಾನಿಯಲ್ಲಿ ಬಾಂಗ್ಲಾದೇಶಿ ಅನ್ನಿಸಿಕೊಂಡು ಬೀದಿಗೆ ಬಿತ್ತು. ಹೈಕೋರ್ಟ್ ನಡುವೆ ಬಂದು ತಡೆಯಿತು. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ ಬಿಡಿ. ಗೋವಾದಲ್ಲಿ ನಮ್ಮವರನ್ನು ‘ಘಾಟಿ’ ಅಂತಾರೆ. ಘಟ್ಟ ಇಳಿದು ಬಂದವರು ಅಂತ ಅರ್ಥ, ಆದರೆ ಅದನ್ನು ಅನ್ನುವ ಬಾಯಿ ನೋಡಬೇಕು. ಬೈನಾ ಕಡಲ ದಂಡೆಯಲ್ಲಿ ಕನ್ನಡಿಗರ ಮನೆ ಕೆಡವಿದಾಗ ನಾವೆಲ್ಲ ಕುದಿದಿದ್ದೆವು. ಆ ಕುದಿ ಇಲ್ಲಿಗೆ ಬರುವಷ್ಟರಲ್ಲಿ ಆರಿಹೋಗಿದೆ.

ನನ್ನ ಮಟ್ಟಿಗೆ ಈ ವಿಷಯ ಪುಸ್ತಕದ್ದಲ್ಲ. ಸಿಂಧನೂರಿನ ಹತ್ತಿರ ಆರ್‌ಎಚ್ ಕ್ಯಾಂಪುಗಳಿವೆ. ಒಂದು, ಎರಡು, ಮೂರು, ನಾಲ್ಕು ಅಂತ ನಂಬರು. ಅರವತ್ತರ ದಶಕದ ಕೊನೆ, ಎಪ್ಪತ್ತರ ಮೊದಲಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿಗಳಿಗೆ ಸರ್ಕಾರ ಅಲ್ಲಿ ಜಮೀನು ಕೊಟ್ಟು ಕೂರಿಸಿತು. ತುಂಗಭದ್ರಾ ಕಾಲುವೆಯ ನೀರಿನಲ್ಲಿ ಅವರು ಭತ್ತ ಬೆಳೆದರು, ಕೆರೆ ತೋಡಿ ಮೀನು ಸಾಕಿದರು. ನವರಾತ್ರಿಯಲ್ಲಿ ಅವರ ದುರ್ಗಾ ಪೂಜೆಗೆ ನಾವೂ ಹೋಗುತ್ತಿದ್ದೆವು. ಆ ಮಕ್ಕಳು ನನ್ನ ಕ್ಲಾಸಿನಲ್ಲಿ ಕೂತಿದ್ದರು. ಒಬ್ಬ ಹುಡುಗ ಒಂದು ವರ್ಷ ಇಡೀ ಹೋಬಳಿಗೆ ಕನ್ನಡದಲ್ಲಿ ಫಸ್ಟ್ ಬಂದ. ಅವರ ಅಪ್ಪಂದಿರು ಗಡಿ ದಾಟಿದಾಗ ಯಾರ ಕೈಯಲ್ಲೂ ಪಾಸ್‌ಪೋರ್ಟ್ ಇರಲಿಲ್ಲ. ನಾವು ಅವರನ್ನು ಕರೆದದ್ದು ‘ಬಂಗಾಲಿ ಕ್ಯಾಂಪಿನವರು’ ಅಂತ. ಬೈಲಕುಪ್ಪೆಯಲ್ಲಿ 1960ರಲ್ಲಿ, ಮುಂಡಗೋಡದಲ್ಲಿ 1966ರಲ್ಲಿ ಟಿಬೆಟಿನವರಿಗೂ ಇದೇ ನಾಡು ನೆಲ ಕೊಟ್ಟಿತು. ಅದನ್ನು ನೋಡಲು ನಾವು ಮಕ್ಕಳನ್ನು ಕರೆದುಕೊಂಡು ಟೂರ್ ಹೋಗುತ್ತೇವೆ. ನಮ್ಮ ದೀದಿಯ ಶೆಡ್ಡು ನೋಡಲು ಯಾರೂ ಟೂರ್ ಹೋಗಲಿಲ್ಲ, ಅದು ನಮ್ಮ ಕಾಂಪೌಂಡಿಗೆ ಒರಗಿಕೊಂಡೇ ಇತ್ತು.

ನಿಮ್ಮ ಪ್ರಶ್ನೆ ನನಗೆ ಗೊತ್ತು. ಹಾಗಾದರೆ ದೇಶಕ್ಕೆ ಗಡಿಯೇ ಬೇಡವಾ, ಯಾರು ಬೇಕಾದರೂ ಬರಬಹುದಾ? ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಸರ್ಕಾರಕ್ಕೆ ತನ್ನ ಬಾಗಿಲು ಕಾಯುವ ಅಧಿಕಾರ ಇದೆ. ವಿಚಾರಣೆ ಮಾಡಿ, ವಕೀಲರನ್ನು ಕೊಟ್ಟು, ತೀರ್ಪು ಬಂದ ಮೇಲೆ ಕೆಲವರನ್ನು ಮರ್ಯಾದೆಯಿಂದ ವಾಪಸ್ ಕಳಿಸಬೇಕಾಗಿ ಬರಬಹುದು. ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ವಿದೇಶಿಯರನ್ನು ಇಡುವ ಕೇಂದ್ರವನ್ನೂ ಸರ್ಕಾರ ಮಾಡಿದೆ. ಅದು ಹೇಗಿರಬೇಕು ಅನ್ನುವುದು ಬೇರೆ ಜಗಳ. ಆ ಏಳು ಜನರಲ್ಲಿ, ಆ ಶೆಡ್ಡುಗಳಲ್ಲಿ ಒಬ್ಬರೂ ಗಡಿ ದಾಟಿ ಬಂದವರಲ್ಲ ಅಂತ ನಾನು ಆಣೆ ಮಾಡಿ ಹೇಳಲಾರೆ. ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಸರಿ, ಒಬ್ಬಳು ದಾಟಿ ಬಂದವಳೇ ಅಂತಲೇ ಇಟ್ಟುಕೊಳ್ಳಿ. ಅವಳು ತೊಳೆದ ಪಾತ್ರೆ ಕ್ಲೀನಾಗಿರಲಿಲ್ಲವಾ? ಅವಳ ಮುಖವನ್ನು ಇನ್ನೂರು ಮನೆಗೆ ಹಂಚುವ ಅಧಿಕಾರ ನಮಗೆ ಎಲ್ಲಿಂದ ಬಂತು? ಸಂವಿಧಾನದ 19ನೇ ವಿಧಿ ನಾಗರಿಕರ ಬಗ್ಗೆ ಮಾತಾಡುತ್ತದೆ. 14 ಮತ್ತು 21 ಹಾಗಲ್ಲ, ಅಲ್ಲಿರುವುದು ‘ವ್ಯಕ್ತಿ’ ಅನ್ನುವ ಪದ. ಬರೆದವರು ಮರೆತು ಬರೆದದ್ದಲ್ಲ. ಅರುಣಾಚಲದಲ್ಲಿದ್ದ ಚಕ್ಮಾ ನಿರಾಶ್ರಿತರ ಕೇಸಿನಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ನಾಗರಿಕನಾಗಿರಲಿ, ಇಲ್ಲದಿರಲಿ, ಪ್ರತಿ ಮನುಷ್ಯನ ಜೀವವನ್ನೂ ಸ್ವಾತಂತ್ರ್ಯವನ್ನೂ ಸರ್ಕಾರ ಕಾಪಾಡಬೇಕು ಅಂತ. ಅಷ್ಟು ದೊಡ್ಡ ಕೋರ್ಟು ಅಳೆದು ತೂಗಿ ತೀರ್ಮಾನಿಸುವ ವಿಷಯವನ್ನು ನಮ್ಮ ಮೇಂಟೆನೆನ್ಸ್ ಕಮಿಟಿ ಬೆಳಗ್ಗೆ ಆರೂವರೆಗೆ ಗೇಟಿನಲ್ಲಿ ತೀರ್ಮಾನಿಸಿಬಿಟ್ಟಿತು.

ಆದ್ದರಿಂದ ನನ್ನ ಬೇಡಿಕೆ ಇವು. ಮೊದಲು ಸಂಬಳ. 32,300 ರೂಪಾಯಿಯಲ್ಲಿ ಇನ್ನೂ ಬಾಕಿ ಇರುವುದನ್ನು ಆಯಾ ಮನೆಯವರಿಂದ ಈ ವಾರದೊಳಗೆ ವಸೂಲಿ ಮಾಡಿ ಕೊಡಿಸಿ. ವಾಟರ್ ಟ್ಯಾಂಕರ್ ಬಾಕಿ ವಸೂಲಿ ಮಾಡಲು ನಿಮಗೆ ಬರುತ್ತದೆ, ಇದೂ ಬರುತ್ತದೆ. ಗ್ರೂಪಿನಲ್ಲಿರುವ ಫೋಟೋಗಳನ್ನು ಅಳಿಸಿ, ಅಳಿಸಿದ್ದೇವೆ ಅಂತ ಬರೆಯಿರಿ. ತಮ್ಮ ಫೋನಿನಲ್ಲಿ ಉಳಿಸಿಕೊಂಡವರೂ ತೆಗೆಯಲಿ. ನೋಟಿಸ್ ಕಿತ್ತುಹಾಕಿ. ಕೆಲಸದವರ ಗುರುತು ಬೇಕೇ ಬೇಕು ಅಂದರೆ ಕೇಳಿ, ಆದರೆ ಎಲ್ಲರಿಗೂ ಒಂದೇ ಫಾರಂ ಇರಲಿ. ಡ್ರೈವರ್, ಟ್ಯೂಷನ್ ಮೇಡಂ, ಯೋಗ ಮಾಸ್ತರರಿಗೆ ಕೇಳದ್ದನ್ನು ಬಂಗಾಲಿ ಮಾತಾಡುವ ಹೆಂಗಸಿಗೆ ಕೇಳಬೇಡಿ. ಪೌರತ್ವದ ವಿಚಾರವನ್ನು ಅದಕ್ಕೆ ಅಧಿಕಾರ ಇರುವವರಿಗೆ ಬಿಡಿ. ಇನ್ನೊಂದು ಸಣ್ಣದು. ಸಂಘದ ಕಾಗದಪತ್ರದಲ್ಲಿ ಯಾವ ಮನುಷ್ಯರನ್ನೂ ‘ಅಕ್ರಮ’ ಅಂತ ಬರೆಯುವುದಿಲ್ಲ ಅಂತ ಒಂದು ಸಾಲಿನ ನಿರ್ಣಯ ಮಾಡಿ. ಪದವೇ ಬೇಕಿದ್ದರೆ ನಮ್ಮಪ್ಪನದ್ದನ್ನು ಕೊಡುತ್ತೇನೆ, ಬಗರ್ ಹುಕುಂ ಅನ್ನಿ.

ಹದಿನೇಳು ಮನೆಗಳ ಲೆಕ್ಕವನ್ನು ಈ ಪತ್ರದ ಪ್ರತಿಯ ಜೊತೆ ಕಾರ್ಯದರ್ಶಿಗಳ ಬಾಗಿಲ ಕೆಳಗೆ ತೂರಿಸಿದ್ದೇನೆ. ಅದರಲ್ಲಿ ನಮ್ಮ ಮನೆಯೂ ಇತ್ತು. ಮಗ ಊರಲ್ಲಿರಲಿಲ್ಲ, ನಾನು ಆಕೆಯ ಕೈಗೆ ಕೊಡುವುದನ್ನು ಆ ದಿನ ಗೇಟಿನಲ್ಲಿ ಮರೆತೆ. ಮರೆತೆ ಅನ್ನುವುದಕ್ಕಿಂತ, ಅಷ್ಟು ಜನರ ಎದುರು ಮುಂದೆ ಹೋಗಲು ನನಗೆ ಧೈರ್ಯ ಸಾಲಲಿಲ್ಲ. ನಮ್ಮ ಪಾಲಿನ ಹಣವನ್ನು ಮೊನ್ನೆ ಫೋನ್‌ಪೇ ಮಾಡಿದ್ದೇನೆ. ಉಳಿದ ಹದಿನಾರು ಮನೆಯವರಿಗೆ ಅನುಕೂಲವಾಗಲಿ ಅಂತ ಬರುವ ಭಾನುವಾರ ಬೆಳಗ್ಗೆ ಹತ್ತರಿಂದ ಒಂದು ಗಂಟೆವರೆಗೆ ಕ್ಲಬ್‌ಹೌಸಿನ ಕೆಳಗಿನ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕೂತಿರುತ್ತೇನೆ. ನಗದು ತಂದರೂ ಆಗಬಹುದು, ಅವರ ನಂಬರ್‌ಗೆ ಅಲ್ಲೇ ಕಳಿಸಿದರೂ ಆಗಬಹುದು. ರಸೀದಿ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬಿ ಬ್ಲಾಕಿನ ಐದನೇ ಮಹಡಿಯ ಒಬ್ಬ ಗೆಸ್ಟ್